ಒಂಬತ್ತು ಬಾರ್ ಸಾಕು



ಈಗ ಯಾವುದಾದರೂ ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆಗೆ ಹೋಗಿ ನೋಡಿ. ಮಿಕ್ಸಿ, ಇಂಡಕ್ಷನ್ ಒಲೆಗಳ ಪಕ್ಕದಲ್ಲೇ ಎಸ್ಪ್ರೆಸೊ ಯಂತ್ರಗಳ ಸಾಲೊಂದು ಕೂತಿರುತ್ತದೆ. ಒಂದರ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ‘15 ಬಾರ್’, ಪಕ್ಕದ್ದರ ಮೇಲೆ ಇನ್ನೂ ದಪ್ಪಕ್ಷರದಲ್ಲಿ ‘20 ಬಾರ್’. ಬೆಲೆ ಕೆಲವು ಸಾವಿರದಿಂದ ಶುರುವಾಗಿ ಲಕ್ಷ ದಾಟುತ್ತದೆ. ಬಾರ್ ಹೆಚ್ಚಿದಷ್ಟೂ ಕಾಫಿ ಗಟ್ಟಿ ಎಂದು ಅಂಗಡಿಯ ಹುಡುಗ ಹೇಳುತ್ತಾನೆ. ಪಾಪ, ಅವನಿಗೆ ಯಾರೋ ಹಾಗೆ ಹೇಳಿಕೊಟ್ಟಿದ್ದಾರೆ. ಎಸ್ಪ್ರೆಸೊ ಇಳಿಸಲು ಬೇಕಾದದ್ದು ಸುಮಾರು 9 ಬಾರ್ ಒತ್ತಡ, ಅಷ್ಟೆ.

ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ. ಸೀಟಿ ಹೊಡೆಯುವ ಕುಕ್ಕರಿನೊಳಗೆ ಹೊರಗಿನದಕ್ಕಿಂತ ಹೆಚ್ಚಿಗೆ ಇರುವುದೂ ಒಂದು ಬಾರ್ ಆಸುಪಾಸು. ಎಸ್ಪ್ರೆಸೊದಲ್ಲಿ ಅದರ ಒಂಬತ್ತು ಪಟ್ಟು ಒತ್ತಡದಲ್ಲಿ ಬಿಸಿನೀರು ನುಣ್ಣನೆಯ ಪುಡಿಯನ್ನು ತೂರಿಕೊಂಡು ಬರಬೇಕು. ಪೆಟ್ಟಿಗೆಯ ಮೇಲಿನ 15 ಆಗಲಿ 20 ಆಗಲಿ, ಪಂಪು ಗರಿಷ್ಠ ಎಷ್ಟು ಒತ್ತಬಲ್ಲದು ಎಂಬ ಲೆಕ್ಕ. ಸ್ಕೂಟರಿನ ಮೀಟರಿನಲ್ಲಿ 120 ಎಂದು ಬರೆದಿದ್ದ ಮಾತ್ರಕ್ಕೆ ಗಾಂಧಿಬಜಾರಿನಲ್ಲಿ ಯಾರೂ ಆ ವೇಗದಲ್ಲಿ ಓಡಿಸುವುದಿಲ್ಲವಲ್ಲ. ಒಳ್ಳೆಯ ಯಂತ್ರಗಳಲ್ಲಿ ಒಂದು ಕವಾಟವಿದ್ದು, ಒತ್ತಡ ಒಂಬತ್ತು ಹತ್ತು ಬಾರ್ ದಾಟಿದರೆ ಹೆಚ್ಚಿನ ನೀರನ್ನು ಅದು ತೊಟ್ಟಿಗೇ ವಾಪಸ್ಸು ಕಳಿಸುತ್ತದೆ.

ಈ ಒಂಬತ್ತಕ್ಕೆ ತಲುಪಲು ಇಟಲಿಯವರಿಗೇ ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. 1884ರಲ್ಲಿ ಟ್ಯೂರಿನ್ನಿನ ಆಂಜೆಲೊ ಮೊರಿಯೊಂಡೊ ಹಬೆಯ ಬಲದಿಂದ ಕಾಫಿ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಒಂದೊಂದೇ ಲೋಟವನ್ನು ಆಗಿಂದಾಗ್ಗೆ ಇಳಿಸಿಕೊಡುವ ಯಂತ್ರ ರೂಪಿಸಿದ. ಆ ಪೇಟೆಂಟನ್ನು ಡೆಸಿಡೆರಿಯೊ ಪಾವೋನಿ ಕೊಂಡು ವ್ಯಾಪಾರಕ್ಕಿಳಿದ. ಇವೆಲ್ಲ ಹಬೆಯನ್ನೇ ನಂಬಿದ ಯಂತ್ರಗಳು. ಹಬೆಯಿಂದ ಹುಟ್ಟುವ ಒತ್ತಡ ಒಂದೂವರೆ ಬಾರ್ ಹತ್ತಿರ, ನೀರು ಮಾತ್ರ ಕುದಿಯುವಷ್ಟು ಬಿಸಿ. ಹೀಗಾಗಿ ಕಾಫಿ ಕಮಟು ಕಹಿ. ಮಿಲಾನಿನಲ್ಲೇ ಕಾಫಿ ಅಂಗಡಿ ನಡೆಸುತ್ತಿದ್ದ ಅಕಿಲೆ ಗಾಜಿಯಾ ಹಬೆಯನ್ನು ಬಿಟ್ಟು ಪಿಸ್ಟನ್ ಹಿಡಿದ. 1938ರಲ್ಲಿ ಪೇಟೆಂಟ್, ಯುದ್ಧ ಮುಗಿದ ಮೇಲೆ 1948ರ ಹೊತ್ತಿಗೆ ಸನ್ನೆಕೋಲು ಎಳೆದು ಸ್ಪ್ರಿಂಗಿನ ಬಲದಿಂದ ನೀರನ್ನು ಒತ್ತುವ ಯಂತ್ರ. ಲೋಟದ ಮೇಲೆ ಹೊಂಬಣ್ಣದ ನೊರೆ, ಕ್ರೆಮಾ, ಬಂದದ್ದು ಆಗ. 1961ರಲ್ಲಿ ಫಾಯೆಮಾ ಕಂಪನಿಯ ಇ-61 ಯಂತ್ರ ಆ ತೋಳಿನ ಕೆಲಸವನ್ನು ವಿದ್ಯುತ್ ಪಂಪಿಗೆ ವಹಿಸಿತು. ಆ ವರ್ಷ ಇಟಲಿಯಲ್ಲಿ ಕಂಡ ಸೂರ್ಯಗ್ರಹಣವೇ ಹೆಸರಿನ ‘ಇ’ಗೆ ಮೂಲ. ಅದರ ಹಿತ್ತಾಳೆಯ ತಲೆಭಾಗವನ್ನು ಇವತ್ತಿಗೂ ಮನೆಬಳಕೆಯ ದುಬಾರಿ ಯಂತ್ರಗಳಿಗೆ ಜೋಡಿಸುತ್ತಾರೆ.

ಈ ಕಥೆಯಿಂದ ನಮಗೊಂದು ಉಪಯೋಗವಿದೆ. ಮಳಿಗೆಯಲ್ಲಿ ಅತಿ ಅಗ್ಗಕ್ಕೆ ಸಿಗುವ, ಗಾಜಿನ ಜಗ್ ಜೊತೆಗೆ ಬರುವ, ‘4 ಬಾರ್’ ಎಂದು ಬರೆದಿರುವ ಯಂತ್ರಗಳು ಪಂಪಿಲ್ಲದ ಹಬೆ ಯಂತ್ರಗಳು. ಅಂದರೆ ಗಾಜಿಯಾನಿಗಿಂತ ಹಿಂದಿನ ಕಾಲದವು. ಅದಕ್ಕೆ ದುಡ್ಡು ಹಾಕುವ ಬದಲು 1933ರಿಂದ ಚಾಲ್ತಿಯಲ್ಲಿರುವ ಬಿಯಾಲೆಟ್ಟಿ ಮಾದರಿಯ ಮೋಕಾ ಪಾಟ್ ತಂದು ಗ್ಯಾಸ್ ಮೇಲಿಡಿ. ಕಾಫಿಯೂ ಚೆನ್ನ, ರಿಪೇರಿಯೂ ಇಲ್ಲ.

ಯಂತ್ರ ಆರಿಸುವ ಮೊದಲು ಎಸ್ಪ್ರೆಸೊ ಇಳಿಯುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹಿಡಿಕೆಯಿರುವ ಪೋರ್ಟಾಫಿಲ್ಟರ್, ಅದರೊಳಗೊಂದು ಸಣ್ಣ ತೂತುಗಳ ಬುಟ್ಟಿ. ಬುಟ್ಟಿಗೆ 18 ಗ್ರಾಂ ಪುಡಿ ಹಾಕಿ, ಸಮ ಮಾಡಿ, ಟ್ಯಾಂಪರಿನಿಂದ ಒತ್ತಿ, ಯಂತ್ರದ ತಲೆಗೆ ತಿರುಗಿಸಿ ಸಿಕ್ಕಿಸುತ್ತಾರೆ. ಗುಂಡಿ ಒತ್ತಿದ ಮೇಲೆ ಐದಾರು ಸೆಕೆಂಡು ಏನೂ ಬರುವುದಿಲ್ಲ. ಪಂಪು ಗುಂಯ್‌ಗುಟ್ಟುತ್ತದೆ, ಪುಡಿ ನೆನೆದು ತಡೆಯೊಡ್ಡತೊಡಗಿದಂತೆ ಆ ಸದ್ದಿನ ಶ್ರುತಿ ಇಳಿಯುತ್ತದೆ. ಆಮೇಲೆ ಕಪ್ಪನೆಯ ಒಂದು ಹನಿ, ಇನ್ನೊಂದು ಹನಿ, ಹನಿಗಳು ಕೂಡಿ ಸಣ್ಣ ಎಳೆ. ಬಣ್ಣ ಕಡುಕಂದಿನಿಂದ ತಿಳಿಗಂದಿಗೆ, ಅಲ್ಲಿಂದ ಮಾಸಲು ಹಳದಿಗೆ ತಿರುಗುತ್ತದೆ. ಹಳದಿ ಕಂಡರೆ ನಿಲ್ಲಿಸಬೇಕು. ಇಪ್ಪತ್ತೈದರಿಂದ ಮೂವತ್ತು ಸೆಕೆಂಡಿನಲ್ಲಿ 36 ಗ್ರಾಂನಷ್ಟು ಕಾಫಿ ಇಳಿದಿದ್ದರೆ ಹದ ಸರಿಯಾಗಿದೆ ಎನ್ನಬಹುದು. ಲೋಟದಲ್ಲಿರುವ ಆ ಎರಡು ಗುಟುಕನ್ನು ನೋಡಿ ಮನೆಯ ಹಿರಿಯರು ‘ಇಷ್ಟೇನಾ?’ ಎನ್ನುತ್ತಾರೆ. ಇಷ್ಟೇ.

ಹತ್ತೇ ಸೆಕೆಂಡಿಗೆ ದಬದಬನೆ ಸುರಿದರೆ? ಕಾಫಿ ಹುಳಿ, ನೀರು ನೀರು. ನಿಮಿಷವಾದರೂ ತೊಟ್ಟಿಕ್ಕುತ್ತಲೇ ಇದ್ದರೆ? ಕಹಿ. ಎರಡಕ್ಕೂ ಮೊದಲು ನೋಡಬೇಕಾದದ್ದು ಯಂತ್ರವನ್ನಲ್ಲ, ಪುಡಿಯ ನುಣುಪನ್ನು. ಎಸ್ಪ್ರೆಸೊ ಪುಡಿ ಚಿರೋಟಿ ರವೆಗಿಂತ ನುಣ್ಣಗೆ, ಮೈದಾಗಿಂತ ತರಿಯಾಗಿರಬೇಕು. ಅದೂ ಬೀಜ ಬದಲಾದಾಗ, ಬೀಜ ಹಳತಾದಾಗ, ಒಮ್ಮೊಮ್ಮೆ ಮಳೆಗಾಲ ಹಿಡಿದಾಗಲೂ ಕೂದಲೆಳೆಯಷ್ಟು ಬದಲಿಸಬೇಕಾಗುತ್ತದೆ. ಆದ್ದರಿಂದ ನಾನು ಈ ಭಾಷಣದಲ್ಲಿ ಒಂದೇ ಒಂದು ಮಾತನ್ನು ಗಟ್ಟಿಯಾಗಿ ಹೇಳುವುದಾದರೆ ಅದು ಇದು: ಎತ್ತಿಟ್ಟ ಹಣದಲ್ಲಿ ಅರ್ಧ ಗ್ರೈಂಡರಿಗೆ. ಮೂವತ್ತು ಸಾವಿರ ಇದ್ದರೆ ಮೂವತ್ತನ್ನೂ ಯಂತ್ರಕ್ಕೆ ಸುರಿದು ಮಿಕ್ಸಿಯಲ್ಲಿ ಬೀಜ ಪುಡಿ ಮಾಡುವವರ ಕಾಫಿಗಿಂತ, ಹದಿನೈದರ ಯಂತ್ರ, ಹದಿನೈದರ ಗ್ರೈಂಡರ್ ಇಟ್ಟುಕೊಂಡವರ ಕಾಫಿ ಚೆನ್ನಾಗಿರುತ್ತದೆ. ಮಿಕ್ಸಿಯ ಬ್ಲೇಡು ಬೀಜವನ್ನು ಚಚ್ಚುತ್ತದೆ. ಅರ್ಧ ಧೂಳು, ಅರ್ಧ ನುಚ್ಚು. ಒತ್ತಡದ ನೀರು ನುಚ್ಚಿನ ಸಂದಿಯಲ್ಲಿ ದಾರಿ ಮಾಡಿಕೊಂಡು ನುಗ್ಗಿ ಒಂದು ಕಡೆ ಕಹಿ, ಇನ್ನೊಂದು ಕಡೆ ಹುಳಿ ಎಳೆದುಕೊಂಡು ಬರುತ್ತದೆ. ಬೇಕಾದದ್ದು ಎರಡು ಹಲ್ಲುಚಕ್ರಗಳ ನಡುವೆ ಬೀಜ ಅರೆಯುವ ಬರ್ ಗ್ರೈಂಡರ್. ಕೈಯಲ್ಲಿ ತಿರುಗಿಸುವ ಒಳ್ಳೆಯದು ಸಾಕು. ಬೆಳಗ್ಗೆ ಒಂದೆರಡು ನಿಮಿಷ ತೋಳಿಗೆ ವ್ಯಾಯಾಮ.

ಅಷ್ಟು ತಾಪತ್ರಯ ಬೇಡ, ಪುಡಿಯನ್ನೇ ಕೊಂಡು ತರುತ್ತೇನೆ ಎನ್ನುವವರಿಗೆ ಬೇರೆ ದಾರಿಯಿದೆ. ಅಗ್ಗದ ಯಂತ್ರಗಳ ಜೊತೆ ಬರುವ ಬುಟ್ಟಿಯನ್ನು ತಿರುಗಿಸಿ ನೋಡಿ. ತಳದಲ್ಲಿ ನೂರಾರು ತೂತುಗಳ ಬದಲು ಒಂದೇ ಒಂದು ಸೂಜಿಮೊನೆಯಷ್ಟು ರಂಧ್ರವಿದ್ದರೆ, ಒತ್ತಡ ಹುಟ್ಟುವುದು ಪುಡಿಯಿಂದಲ್ಲ, ಆ ರಂಧ್ರದಿಂದ. ಪುಡಿ ಹೇಗಿದ್ದರೂ ನೊರೆ ಬರುತ್ತದೆ. ಅದು ಚಿಮ್ಮಿಸಿದ ನೊರೆ, ರುಚಿಗೂ ಅದಕ್ಕೂ ಹೆಚ್ಚಿನ ಸಂಬಂಧವಿಲ್ಲ. ಹಾಲು ಸಕ್ಕರೆ ಬೆರೆಸಿ ಕುಡಿಯುವ ಮನೆಯಲ್ಲಿ ಇದೂ ನಡೆಯುತ್ತದೆ, ತಪ್ಪೇನಿಲ್ಲ.

ಆದರೆ ಆ ಪುಡಿ ನಮ್ಮ ಫಿಲ್ಟರ್ ಕಾಫಿಯ ಪುಡಿಯಾಗಬಾರದು. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ಕನಿಷ್ಠ ಶೇಕಡಾ 51 ಇರಲೇಬೇಕೆಂದು ನಮ್ಮ ಆಹಾರ ನಿಯಮ ಹೇಳುತ್ತದೆ. ಮಿಕ್ಕ 49ರವರೆಗೂ ಚಿಕೋರಿ ಇರಬಹುದು. ಹಿತ್ತಾಳೆ ಫಿಲ್ಟರಿನಲ್ಲಿ ನಿಧಾನಕ್ಕೆ ಡಿಕಾಕ್ಷನ್ ಇಳಿಯುವಾಗ ಚಿಕೋರಿ ಉಪಕಾರವನ್ನೇ ಮಾಡುತ್ತದೆ. ಎಸ್ಪ್ರೆಸೊ ಬುಟ್ಟಿಯಲ್ಲಿ ಅದೇ ಚಿಕೋರಿ ನೆನೆದು ಅಂಟಾಗಿ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಪಂಪು ಏದುಸಿರು ಬಿಡುತ್ತದೆ, ಲೋಟಕ್ಕೆ ಏನೂ ಬೀಳುವುದಿಲ್ಲ. ಪುಡಿ ಅಂಗಡಿಯಲ್ಲಿ ‘ಪ್ಯೂರ್, ಚಿಕೋರಿ ಬೇಡ’ ಎಂದು ಹೇಳಿ. ಗ್ರೈಂಡರ್ ಇದ್ದರೆ ಹುರಿದ ಬೀಜವನ್ನೇ ತನ್ನಿ. ಹುರಿದು ಒಂದು ವಾರ ಕಳೆದ, ತಿಂಗಳು ದಾಟದ ಬೀಜ ಉತ್ತಮ. ಇಲ್ಲಿ ಕರ್ನಾಟಕದವರಿಗೆ ಒಂದು ಅನುಕೂಲವುಂಟು. ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನಗಳದು. ಕೊಡಗಿನ ರೋಬಸ್ಟಾವನ್ನು ಇಟಲಿಯವರು ಬಹಳ ಕಾಲದಿಂದ ಕೊಳ್ಳುತ್ತಿರುವುದೇ ತಮ್ಮ ಎಸ್ಪ್ರೆಸೊಗೆ ದಟ್ಟ ನೊರೆ, ಮೈತುಂಬಿದ ರುಚಿ ಬರಲೆಂದು. ಮುಕ್ಕಾಲು ಅರೇಬಿಕಾ, ಕಾಲು ತೊಳೆದ ರೋಬಸ್ಟಾ ಬೆರೆಸಿ ನೋಡಿ. ಆಮದು ಪೊಟ್ಟಣಕ್ಕೆ ಆಸೆಪಡುವ ಅಗತ್ಯವೇ ಇಲ್ಲ.

ಸರಿ, ಯಂತ್ರಕ್ಕೆ ಬರೋಣ. ನೀರು ಕಾಯಿಸುವ ವಿಧಾನದ ಮೇಲೆ ಬೆಲೆ ನಿಂತಿದೆ. ಥರ್ಮೊಬ್ಲಾಕ್ ಎಂಬ ಬಗೆಯಲ್ಲಿ ನೀರು ಬಿಸಿ ಲೋಹದ ಕೊಳವೆಯಲ್ಲಿ ಹರಿಯುತ್ತಲೇ ಕಾಯುತ್ತದೆ. ಅರೆನಿಮಿಷದಲ್ಲಿ ಯಂತ್ರ ಸಿದ್ಧ, ಜಾಗವೂ ಕಡಿಮೆ, ಹಬೆ ಮಾತ್ರ ಸಪ್ಪೆ. ಒಂಟಿ ಬಾಯ್ಲರಿನಲ್ಲಿ ಉಷ್ಣತೆ ಹೆಚ್ಚು ಸ್ಥಿರ. ಆದರೆ ಕಾಫಿಗೆ ನೀರು 90ರಿಂದ 95 ಡಿಗ್ರಿ ಇರಬೇಕು, ಹಾಲಿಗೆ ಹಬೆ ಬೇಕಾದರೆ 125 ಡಿಗ್ರಿ ದಾಟಬೇಕು. ಒಂದೇ ಪಾತ್ರೆ ಎರಡೂ ಕೆಲಸ ಮಾಡುವಾಗ ಕಾಫಿ ಇಳಿಸಿ, ಕಾದು, ಹಾಲು ನೊರೆ ಮಾಡಿ, ಮತ್ತೆ ತಣಿಸಿ ಮುಂದಿನ ಲೋಟ. ಒಬ್ಬರಿಗೆ ಇಬ್ಬರಿಗೆ ಇದು ಸಹ್ಯ. ನಾಲ್ವರು ನೆಂಟರು ಬಂದರೆ ಕೊನೆಯವರಿಗೆ ಕಾಫಿ ಸಿಗುವ ಹೊತ್ತಿಗೆ ಮೊದಲನೆಯವರು ಚಪ್ಪಲಿ ಹಾಕಿಕೊಂಡಿರುತ್ತಾರೆ. ಜೋಡಿ ಬಾಯ್ಲರಿನ ಯಂತ್ರದಲ್ಲಿ ಎರಡೂ ಒಟ್ಟಿಗೆ ಆಗುತ್ತದೆ. ಬೆಲೆಯೂ ಹಾಗೆಯೇ ಏರುತ್ತದೆ, ದಪ್ಪ ಹಿತ್ತಾಳೆ ಕಾಯಲು ಇಪ್ಪತ್ತು ಮೂವತ್ತು ನಿಮಿಷ ಮೊದಲೇ ಸ್ವಿಚ್ ಹಾಕಬೇಕು. ದಿನಕ್ಕೆ ಎರಡೇ ಲೋಟ ಕುಡಿಯುವ ಮನೆಗೆ ಅದು ದುಂದು ಎಂದೇ ನನ್ನ ಅಭಿಪ್ರಾಯ.

ಬೀಜ ಸುರಿದು ಗುಂಡಿ ಒತ್ತಿದರೆ ಎಲ್ಲವನ್ನೂ ತಾನೇ ಮಾಡುವ ಪೂರ್ತಿ ಸ್ವಯಂಚಾಲಿತ ಯಂತ್ರಗಳೂ ಇವೆ. ಅನುಕೂಲವೇನೋ ಹೌದು. ಒಳಗಿನ ಕಾಫಿ ಇಳಿಸುವ ಭಾಗವನ್ನು ಹೊರಗೆಳೆದು ನಲ್ಲಿಯ ಕೆಳಗೆ ತೊಳೆಯಲು ಬರುತ್ತದೆಯೇ ನೋಡಿಕೊಳ್ಳಿ. ಬಾರದಿದ್ದರೆ, ನಮ್ಮ ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಒದ್ದೆ ಚರಟಕ್ಕೆ ಬೂಷ್ಟು ಹಿಡಿಯುವುದು ನಿಶ್ಚಯ. ಹಾಲಿನ ಕೊಳವೆಯ ಗತಿ ಹೇಳುವುದೇ ಬೇಡ. ಅದನ್ನು ದಿನಾ ತೊಳೆಯಬೇಕು.

ಹಾಲಿನ ಮಾತು ಬಂತು. ಹಬೆಯ ನಳಿಕೆಯಿರುವ ಯಂತ್ರಕ್ಕೆ ಫ್ರಿಜ್ಜಿನ ತಣ್ಣನೆಯ ಹಾಲು ಬೇಕು. ಕಾಯಿಸಿ ಆರಿಸಿದ್ದಾದರೂ ಸರಿ, ಕೆನೆ ತೆಗೆದಿರಬೇಕು. ನೊರೆ ಕಟ್ಟುವುದು ಹಾಲಿನ ಪ್ರೋಟೀನಿನಿಂದ, ಆದ್ದರಿಂದ ನಂದಿನಿಯ ನೀಲಿ ಪ್ಯಾಕೆಟ್ ಧಾರಾಳ ಸಾಕು. ನಳಿಕೆಯ ತುದಿ ಹಾಲಿನ ಮೇಲ್ಮೈಯಲ್ಲಿ ಸ್ವಲ್ಪ ಹೊತ್ತು ಚುಸ್ ಎನ್ನಬೇಕು, ಆಮೇಲೆ ಒಳಗಿಳಿದು ಹಾಲನ್ನು ಸುಳಿ ತಿರುಗಿಸಬೇಕು. ಪಾತ್ರೆ ಕೈಯಲ್ಲಿ ಹಿಡಿಯಲಾರದಷ್ಟು ಸುಟ್ಟಾಗ ನಿಲ್ಲಿಸಿ, ಅದು 60-65 ಡಿಗ್ರಿ. ಕುದಿಕುದಿಯುವ ಕಾಫಿಗೆ ಒಗ್ಗಿದ ನಮ್ಮ ನಾಲಗೆಗೆ ಇದು ಆರಿದ ಕಾಫಿ ಎನಿಸುತ್ತದೆ. ಇಂಥ ಕಾಫಿ ನಿಮ್ಮ ಮನೆಯವರಿಗೆ ಒಗ್ಗುತ್ತದೆಯೇ ಎಂದು ಹೊರಗೆ ಒಂದೆರಡು ಸಲ ಕುಡಿಸಿ ನೋಡಿಯೇ ಯಂತ್ರದ ಯೋಚನೆ ಮಾಡುವುದು ಜಾಣತನ.

ನೀರು, ವಿದ್ಯುತ್ತು, ಎರಡರ ಬಗ್ಗೆಯೂ ಅಂಗಡಿಯವರು ಹೇಳುವುದಿಲ್ಲ. ಬೋರ್‌ವೆಲ್ ನೀರಿನ ಸುಣ್ಣ ಗೀಸರಿನ ಕಾಯಿಲ್‌ಗೆ ಏನು ಮಾಡುತ್ತದೋ ಈ ಯಂತ್ರಕ್ಕೂ ಅದನ್ನೇ ಮಾಡುತ್ತದೆ. ಹಾಗೆಂದು ಲವಣವೇ ಇಲ್ಲದ ಆರ್‌ಓ ನೀರು ಹಾಕಿದರೆ ಕಾಫಿ ಸಪ್ಪೆ. ಕೆಲವು ಬಾಯ್ಲರುಗಳಲ್ಲಿ ನೀರಿನ ಮಟ್ಟ ಅಳೆಯುವ ಕಡ್ಡಿಗೆ ನೀರಿರುವುದೇ ಗೊತ್ತಾಗುವುದಿಲ್ಲ. ಎರಡನ್ನೂ ಬೆರೆಸಿ ನಡುಮಟ್ಟದ ನೀರು ಮಾಡಿಕೊಳ್ಳಿ. ಇನ್ನು ಪ್ಲಗ್. ಆರು ಆಂಪಿಯರಿನ ಸಣ್ಣ ಸಾಕೆಟ್ಟಿಗೆ 1,380 ವ್ಯಾಟ್ ಮಿತಿ. ಅದಕ್ಕಿಂತ ಹೆಚ್ಚಿನ ಯಂತ್ರಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ಅಮೆರಿಕದಲ್ಲಿರುವ ಮಗ, ಅಳಿಯ ಅಲ್ಲಿಂದ ಯಂತ್ರ ತರುತ್ತೇನೆಂದರೆ ದಯವಿಟ್ಟು ತಡೆಯಿರಿ. ಅಲ್ಲಿಯದು 120 ವೋಲ್ಟ್, 60 ಹರ್ಟ್ಜ್. ಇಲ್ಲಿ 230, 50. ಭಾರೀ ಟ್ರಾನ್ಸ್‌ಫಾರ್ಮರ್ ಇಟ್ಟರೂ ಪಂಪು ಸರಿಯಾಗಿ ಓಡದು. ತರಲೇಬೇಕೆಂದರೆ ಫ್ಲೇರ್, ರೋಬೋಟ್‌ಗಳಂಥ ಕೈಬಲದ ಸನ್ನೆಯಂತ್ರ ತರಲಿ. ವಿದ್ಯುತ್ತೇ ಬೇಡ, ಕುದಿನೀರು ಸುರಿದು ತೋಳಿನಿಂದ ಒತ್ತಿದರೆ ಒಂಬತ್ತು ಬಾರ್ ಬಂದೇ ಬರುತ್ತದೆ. ಹಾಲಿಲ್ಲದೆ ಕುಡಿಯುವ ಒಂಟಿ ಕಾಫಿಪ್ರಿಯರಿಗೆ ನನ್ನ ಮೊದಲ ಶಿಫಾರಸು ಇದೇ.

ಇಬ್ಬರಿರುವ, ಹಾಲು ಬೆರೆಸಿ ಕುಡಿಯುವ ಮನೆಗೆ ಪಂಪಿರುವ ಒಂಟಿ ಬಾಯ್ಲರ್ ಅಥವಾ ಥರ್ಮೊಬ್ಲಾಕ್ ಯಂತ್ರ, ಜೊತೆಗೊಂದು ಬರ್ ಗ್ರೈಂಡರ್. ಬುಟ್ಟಿಯ ಅಳತೆ 58 ಮಿಲಿಮೀಟರ್ ಆಗಿದ್ದರೆ ಮುಂದೆ ಬಿಡಿಭಾಗ ಸಿಗುವುದು ಸುಲಭ. ಆರೆಂಟು ಜನರ ತುಂಬು ಮನೆಗೆ ಎಸ್ಪ್ರೆಸೊ ಯಂತ್ರ ಬೇಡವೇ ಬೇಡ. ಒಂದು ಲೋಟಕ್ಕೆ 18 ಗ್ರಾಂ ಪುಡಿ, ಕಿಲೋಗೆ ಸಾವಿರ ರೂಪಾಯಿಯ ಬೀಜವಾದರೆ ಹಾಲು ಬಿಟ್ಟು ಹದಿನೆಂಟು ರೂಪಾಯಿ. ರಾತ್ರಿಯೇ ಇಳಿಸಿಟ್ಟ ಡಿಕಾಕ್ಷನ್ ಅಷ್ಟೂ ಜನಕ್ಕೆ ಹತ್ತು ನಿಮಿಷದಲ್ಲಿ ಕಾಫಿ ಕೊಡುತ್ತದೆ. ಎಸ್ಪ್ರೆಸೊ ಕೊಂಡವರೂ ಫಿಲ್ಟರನ್ನು ಅಟ್ಟಕ್ಕೆ ಏರಿಸಬೇಡಿ.

ಹಣ ಕೊಡುವ ಮುಂಚೆ ಅಂಗಡಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿ. ಪೋರ್ಟಾಫಿಲ್ಟರ್ ಕೂರುವ ಕಡೆ ಒಂದು ರಬ್ಬರ್ ಗ್ಯಾಸ್ಕೆಟ್ ಇರುತ್ತದೆ. ದಿನಾ ಬಳಸಿದರೆ ಕುಕ್ಕರಿನದರ ಹಾಗೆಯೇ ಒಂದೆರಡು ವರ್ಷಕ್ಕೆ ಗಡುಸಾಗಿ ನೀರು ಸೋರುತ್ತದೆ. ಅದು ನಿಮ್ಮ ಊರಿನಲ್ಲಿ ಸಿಗುತ್ತದೆಯೇ, ಹಾಕಿಕೊಡುವವರು ಯಾರು ಎಂದು ವಿಚಾರಿಸಿ. ಉತ್ತರ ತಡವರಿಸಿ ಬಂದರೆ, ಎಷ್ಟೇ ಬಾರ್ ಬರೆದಿರಲಿ, ಆ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬನ್ನಿ.