ಭೂಕಂಪನದ ಅಲೆಗಳು ತೋರಿಸಿದ ಬೆಂಕಿ: ಮಾಂಟ್ಸೆರಾಟ್ ದ್ವೀಪದ ಪಾಠ

(ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕೆರೀಬಿಯನ್ ಸಮುದ್ರದ ಪೂರ್ವದಂಚಿನಲ್ಲಿ ಮಾಂಟ್ಸೆರಾಟ್ ಎಂಬ ಪುಟ್ಟ ದ್ವೀಪವಿದೆ. ಅದರ ಉದ್ದ ಸುಮಾರು 16 ಕಿ.ಮೀ., ಅಗಲ 11 ಕಿ.ಮೀ. ಬ್ರಿಟನ್ನಿನ ಆಡಳಿತಕ್ಕೆ ಒಳಪಟ್ಟ ಈ ದ್ವೀಪದ ದಕ್ಷಿಣ ಭಾಗದಲ್ಲಿ ಸೂಫ್ರಿಯೇರ್ ಹಿಲ್ಸ್ ಎಂಬ ಸಜೀವ ಜ್ವಾಲಾಮುಖಿಯಿದೆ. ಜ್ವಾಲಾಮುಖಿಯ ಬೂದಿಯಿಂದ ಉಂಟಾದ ಮಣ್ಣು ಕೃಷಿಗೆ ಹೇಳಿಮಾಡಿಸಿದಂಥದು. ಆದುದರಿಂದಲೇ ಬೆಟ್ಟದ ಇಳಿಜಾರಿನಲ್ಲಿ ಹೊಲಗಳೂ ಹಳ್ಳಿಗಳೂ ಬೆಳೆದವು. ಬುಡದ ಕಡಲತೀರದಲ್ಲಿ ರಾಜಧಾನಿ ಪ್ಲಿಮತ್ ನೆಲೆಗೊಂಡಿತು. ಅನ್ನ ಕೊಟ್ಟ ಮಣ್ಣೂ ಊರನ್ನು ಹೂತ ಬೂದಿಯೂ ಒಂದೇ ಬೆಟ್ಟದಿಂದ ಬಂದವು. ಆ ಬೆಟ್ಟದ ಒಡಲಲ್ಲಿ ಏನಿದೆ ಎಂಬುದನ್ನು ವಿಜ್ಞಾನ ಹೇಗೆ ಅರಿಯಿತು, ಅರಿತದ್ದು ಜನರಿಗೆ ಎಷ್ಟರಮಟ್ಟಿಗೆ ಒದಗಿತು ಎಂಬುದು ಇಂದಿನ ವಿಷಯ.

ನೆಲದಾಳದ ಕರಗಿದ ಶಿಲೆಯನ್ನು ಶಿಲಾಪಾಕ ಎನ್ನುತ್ತಾರೆ. ಅದನ್ನು ಕಣ್ಣಿನಿಂದ ಕಾಣುವುದು ಸಾಧ್ಯವಿಲ್ಲ. ಹಲಸಿನ ಹಣ್ಣನ್ನು ತಟ್ಟಿ ಸದ್ದಿನಿಂದಲೇ ಅದರ ಪಕ್ವತೆಯನ್ನು ಅರಿಯುವಂತೆ ಪರೋಕ್ಷವಾಗಿ ತಿಳಿಯಬೇಕು. ಇಲ್ಲಿ ತಟ್ಟುವ ಕೆಲಸವನ್ನು ಭೂಕಂಪನವೇ ಮಾಡುತ್ತದೆ. ಭೂಮಿ ಕಂಪಿಸಿದಾಗ ಒಡಲೊಳಗೆ ಎರಡು ಬಗೆಯ ಅಲೆಗಳು ಹರಡುತ್ತವೆ. ಮೊದಲನೆಯದಾದ ‘ಪಿ’ ಅಲೆ ಬಂಡೆಯನ್ನು ಒತ್ತುತ್ತ ಸಡಿಲಿಸುತ್ತ ಸಾಗುತ್ತದೆ. ಗಟ್ಟಿ ಬಂಡೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 6 ಕಿ.ಮೀ. ಎರಡನೆಯದಾದ ‘ಎಸ್’ ಅಲೆ ಬಂಡೆಯನ್ನು ಅಡ್ಡಡ್ಡಲಾಗಿ ಅಲುಗಿಸುತ್ತ ನಿಧಾನವಾಗಿ ಬರುತ್ತದೆ. ದ್ರವದಲ್ಲಿ ‘ಎಸ್’ ಅಲೆ ಸಾಗಲಾರದು. ‘ಪಿ’ ಅಲೆ ಸಾಗಿದರೂ ಅದರ ವೇಗ ತಗ್ಗುತ್ತದೆ. ಎರಡು ಅಲೆಗಳು ಮಾಪಕವನ್ನು ತಲಪುವ ವೇಳೆಯ ಅಂತರದಿಂದ ಕಂಪನದ ದೂರ ತಿಳಿಯುತ್ತದೆ. ಹಲವು ಮಾಪಕಗಳ ದಾಖಲೆಯನ್ನು ಹೋಲಿಸಿದಾಗ ಅದರ ಸ್ಥಳವೂ ಆಳವೂ ದೊರೆಯುತ್ತವೆ.

ಮಾಂಟ್ಸೆರಾಟ್‌ನಲ್ಲಿ ಈ ಅಧ್ಯಯನಕ್ಕೆ ದೀರ್ಘ ಇತಿಹಾಸವಿದೆ. 1930ರ ದಶಕದಲ್ಲಿ ದ್ವೀಪ ಪದೇ ಪದೇ ಕಂಪಿಸಿದಾಗ 1936ರಲ್ಲಿ ಅಲ್ಲಿಗೆ ಹೋದ ತಂಡದಲ್ಲಿ ಭೂಕಂಪನ ತಜ್ಞರಾಗಿದ್ದವರು ಸೆಸಿಲ್ ಪೊವೆಲ್. ಮುಂದೆ 1950ರಲ್ಲಿ ಭೌತವಿಜ್ಞಾನದ ನೊಬೆಲ್ ಪುರಸ್ಕಾರ ಪಡೆದವರು ಇವರೇ. 1966-67ರಲ್ಲಿ ಮತ್ತೆ ಕಂಪನಗಳಾದವು. ಎರಡು ಬಾರಿಯೂ ಬೆಟ್ಟ ಸಿಡಿಯಲಿಲ್ಲ. 1992ರಲ್ಲಿ ಕಂಪನಗಳು ಮರುಕಳಿಸಿದವು. 1995ರ ಜುಲೈ 18ರಂದು ಬೆಟ್ಟ ಬಾಯಿ ತೆರೆಯಿತು.

ಸ್ಫೋಟದ ಮೊದಲ ವರ್ಷಗಳಲ್ಲಿ ಸಾವಿರಾರು ಸಣ್ಣ ಕಂಪನಗಳ ಆಳವನ್ನು ಲೆಕ್ಕ ಹಾಕಿದಾಗ ಒಂದು ಸಂಗತಿ ಸ್ಪಷ್ಟವಾಯಿತು: ಸುಮಾರು 6 ಕಿ.ಮೀ.ಗಿಂತ ಕೆಳಗೆ ಕಂಪನಗಳೇ ಇರಲಿಲ್ಲ. ಗಡಸು ಬಂಡೆ ಬಿರುಕುಬಿಟ್ಟಾಗ ಕಂಪನ ಹುಟ್ಟುತ್ತದೆ. ಕಾದು ಮೆತ್ತಗಾದ ಶಿಲೆ ಬಿರುಕುಬಿಡುವುದಿಲ್ಲ. ಹಾಗಾಗಿ ಆ ಮೌನವೇ ಶಿಲಾಪಾಕದ ಕೋಣೆಯ ಮೇಲ್ಛಾವಣಿಯ ಸುಳಿವಾಯಿತು.

ಆದರೆ ಸಹಜ ಕಂಪನಗಳು ಬೇಕಾದ ಕಡೆ, ಬೇಕಾದ ಸಮಯದಲ್ಲಿ ಸಂಭವಿಸುವುದಿಲ್ಲ. 2007ರ ಡಿಸೆಂಬರಿನಲ್ಲಿ ‘ಜೇಮ್ಸ್ ಕುಕ್’ ಎಂಬ ಬ್ರಿಟಿಷ್ ಸಂಶೋಧನಾ ಹಡಗು ದ್ವೀಪವನ್ನು ಸುತ್ತುತ್ತ, ಒತ್ತಿ ತುಂಬಿದ ಗಾಳಿಯನ್ನು ನೀರಿನೊಳಗೆ 4,000ಕ್ಕೂ ಹೆಚ್ಚು ಬಾರಿ ಸಿಡಿಸಿ ಕೃತಕ ಅಲೆಗಳನ್ನು ಎಬ್ಬಿಸಿತು. ದ್ವೀಪದ ಮೇಲೆ ಇರಿಸಿದ 200ಕ್ಕೂ ಹೆಚ್ಚು ಮಾಪಕಗಳೂ ಕಡಲತಳದ ಮಾಪಕಗಳೂ ಅವನ್ನು ದಾಖಲಿಸಿದವು. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಹಲವು ದಿಕ್ಕುಗಳ ಕಿರಣಗಳಿಂದ ದೇಹದೊಳಗಿನ ಚಿತ್ರ ಕಟ್ಟುವಂತೆ, ಪರಸ್ಪರ ಅಡ್ಡಹಾಯುವ ಅಸಂಖ್ಯ ಅಲೆಗಳ ಪ್ರಯಾಣಕಾಲದಿಂದ ಬೆಟ್ಟದ ಒಳಚಿತ್ರ ರೂಪುಗೊಂಡಿತು.

ದ್ವೀಪದ ಉತ್ತರದ ಸಿಲ್ವರ್ ಹಿಲ್ಸ್ ಮತ್ತು ನಡುವಿನ ಸೆಂಟರ್ ಹಿಲ್ಸ್‌ಗಳ ಅಡಿಯಲ್ಲಿ ಅಲೆಗಳು ವೇಗವಾಗಿ ಸಾಗಿದವು. ಲಕ್ಷಾಂತರ ವರ್ಷಗಳ ಹಿಂದೆಯೇ ಆರಿಹೋದ ಜ್ವಾಲಾಮುಖಿಗಳ ಗಟ್ಟಿಗೊಂಡ ತಿರುಳುಗಳು ಅಲ್ಲಿವೆ. ಇಂದು ದ್ವೀಪದ ಜನರಿಗೆ ಕುಡಿಯುವ ನೀರನ್ನು ಒದಗಿಸುವ ತೊರೆಗಳೂ, ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಮಾಂಟ್ಸೆರಾಟ್ ಓರಿಯೋಲ್ ಹಕ್ಕಿಯ ಮುಖ್ಯ ಆಸರೆಯಾದ ಕಾಡೂ ಇರುವುದು ಸೆಂಟರ್ ಹಿಲ್ಸ್ ಮೇಲೆಯೇ. ಸಜೀವ ಬೆಟ್ಟದ ಅಡಿಯಲ್ಲಿ ಮಾತ್ರ ಸುಮಾರು 5.5 ಕಿ.ಮೀ. ಆಳದಿಂದ ಕನಿಷ್ಠ 7.5 ಕಿ.ಮೀ.ವರೆಗೆ ಅಲೆಗಳ ವೇಗ ತಗ್ಗಿತ್ತು. 2012ರಲ್ಲಿ ಪ್ರಕಟವಾದ ವಿಶ್ಲೇಷಣೆ ಅದನ್ನು ಶಿಲಾಪಾಕದ ಕೋಣೆಯೆಂದು ಗುರುತಿಸಿತು.

ಕೋಣೆ ಎಂದೊಡನೆ ಕುದಿಯುವ ಕೊಪ್ಪರಿಗೆಯನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ಜೋನಿಬೆಲ್ಲದ ಡಬ್ಬಿಯ ತಳದಲ್ಲಿ ಸಕ್ಕರೆಯ ಹರಳು ಕಟ್ಟಿ, ಹರಳುಗಳ ನಡುವೆ ಪಾಕ ಉಳಿಯುವಂತೆ, ಅಲ್ಲಿ ಬಹುಪಾಲು ಘನ ಹರಳುಗಳೇ ಇದ್ದು ಸಂದಿಗಳಲ್ಲಿ ಕರಗಿದ ಶಿಲೆ ಇರುತ್ತದೆ. ಅದರ ಪ್ರಮಾಣ ಎಷ್ಟು ಎಂಬುದನ್ನು ಅಲೆಗಳು ನಿಖರವಾಗಿ ಹೇಳಲಾರವು. ಮೊದಲು ತಲಪುವ ಅಲೆ ನಿಧಾನದ ಭಾಗವನ್ನು ಬಳಸಿಕೊಂಡು ಗಟ್ಟಿ ಬಂಡೆಯ ಮೂಲಕವೇ ಬಂದುಬಿಡುವುದರಿಂದ ಚಿತ್ರ ಮಸುಕಾಗುತ್ತದೆ, ಪಾಕದ ಪ್ರಮಾಣ ಇರುವುದಕ್ಕಿಂತ ಕಡಿಮೆ ತೋರುತ್ತದೆ. ಅಲ್ಲದೆ, ಇಂಥ ಚಿತ್ರ ಸ್ಥಳವನ್ನು ಹೇಳುತ್ತದೆ, ದಿನವನ್ನು ಹೇಳುವುದಿಲ್ಲ. ಪಾಕ ಮೇಲೇರುವುದನ್ನು ಅರಿಯಲು ಕಂಪನ, ಅನಿಲ ಹಾಗೂ ನೆಲದ ಉಬ್ಬುವಿಕೆಯ ನಿರಂತರ ವೀಕ್ಷಣೆ ಬೇಕು.

ಮಾಂಟ್ಸೆರಾಟ್‌ನ ನಿಜವಾದ ದುರಂತಕ್ಕೆ ಈ ಮಸುಕು ಕಾರಣವಲ್ಲ. 1980ರ ದಶಕದಲ್ಲಿಯೇ ವಾಜ್ ಮತ್ತು ಐಸಾಕ್ಸ್ ಎಂಬ ವಿಜ್ಞಾನಿಗಳು ಅಪಾಯದ ನಕ್ಷೆಗಳನ್ನು ರಚಿಸಿ, ಪ್ಲಿಮತ್ ಅಪಾಯದ ಹಾದಿಯಲ್ಲಿದೆ ಎಂದು ತೋರಿಸಿದ್ದರು. 1989ರಲ್ಲಿ ಹ್ಯೂಗೋ ಚಂಡಮಾರುತ ದ್ವೀಪವನ್ನು ನೆಲಸಮ ಮಾಡಿದಾಗ ಹೊಸ ಜಾಗ ಆರಿಸುವ ಅವಕಾಶವಿತ್ತು. ಆದರೂ ಆಸ್ಪತ್ರೆಯೇ ಮೊದಲಾದ ಕಟ್ಟಡಗಳು ಪ್ಲಿಮತ್‌ನಲ್ಲಿಯೇ ಮರಳಿ ಎದ್ದವು. 1996ರ ಏಪ್ರಿಲ್‌ನಲ್ಲಿ ಪ್ಲಿಮತ್ ಕೊನೆಯ ಬಾರಿಗೆ ತೆರವಾಯಿತು. 1997ರಲ್ಲಿ ಸುಟ್ಟು ಬೂದಿಯಲ್ಲಿ ಹೂತುಹೋಯಿತು.

1997ರ ಜೂನ್ 25ರಂದು ಮಾಪಕಗಳು ಕಂಪನಗಳ ಸರಣಿಯನ್ನು ದಾಖಲಿಸಿದವು. ಮಧ್ಯಾಹ್ನ ಬೆಟ್ಟದ ನೆತ್ತಿಯ ಲಾವಾ ಗುಮ್ಮಟ ಕುಸಿದು, ಕಾದ ಬೂದಿ, ಅನಿಲ, ಬಂಡೆಚೂರುಗಳ ಪ್ರವಾಹ ಕಣಿವೆಗಳಲ್ಲಿ ಧುಮುಕಿತು. ಹತ್ತೊಂಬತ್ತು ಜನ ಮಡಿದರು. ಅವರು ಪ್ರವೇಶ ನಿಷೇಧಿಸಿದ್ದ ಪ್ರದೇಶದೊಳಗಿದ್ದರು. ಹಲವರು ಹೊಲದ ಕೆಲಸಕ್ಕೆಂದು ಹೋದವರು. ಅಪಾಯದ ಸುದ್ದಿ ಅವರಿಗೆ ತಿಳಿಯದೇ ಇರಲಿಲ್ಲ. ಆಶ್ರಯ ಶಿಬಿರದಲ್ಲಿ ಸಾಗುವಳಿಗೆ ನೆಲವಿರಲಿಲ್ಲ. ಬೆಳೆ ನಿಂತಿದ್ದುದು ಬೆಟ್ಟದ ಬುಡದಲ್ಲಿ. ಮುಂದೆ ನಡೆದ ಮರಣ ವಿಚಾರಣೆಯಲ್ಲಿ, ಸುರಕ್ಷಿತ ಉತ್ತರ ಭಾಗದಲ್ಲಿ ರೈತರಿಗೆ ಭೂಮಿ ಒದಗಿಸದೇ ಹೋದದ್ದನ್ನೂ ತೀರ್ಪುಗಾರರು ಸಾವಿನ ಕಾರಣಗಳಲ್ಲಿ ಎಣಿಸಿದರು.

ಸ್ಫೋಟಕ್ಕೆ ಮುನ್ನ 10,000ಕ್ಕೂ ಹೆಚ್ಚು ಜನರಿದ್ದ ದ್ವೀಪದಲ್ಲಿ ಇಂದು ಉಳಿದವರು 5,000ಕ್ಕೂ ಕಡಿಮೆ. ಲಾವಾ ಹೊರಬರುವುದು 2010ರ ಫೆಬ್ರವರಿಯಲ್ಲಿ ನಿಂತಿದೆ. ವೀಕ್ಷಣಾಲಯ ಬೆಟ್ಟದ ಮೇಲೆ ಕಣ್ಣಿಟ್ಟೇ ಇದೆ.

ಅಪಾಯದ ನಕ್ಷೆಯೊಂದನ್ನು ಬರೆಯುವಾಗ ಕೆಂಪು ಬಣ್ಣದ ಗೆರೆ ಎಳೆದಲ್ಲಿಗೆ ಕೆಲಸ ಮುಗಿಯದು. ಗೆರೆಯ ಒಳಗಿನ ಹೊಲಕ್ಕೆ ಗೆರೆಯ ಹೊರಗೆ ಬದಲಿ ಹೊಲ ಯಾವುದು ಎಂಬುದೂ ಅದೇ ನಕ್ಷೆಯಲ್ಲಿ ಬರೆದಿರಬೇಕು. ಆರು ಕಿಲೋಮೀಟರ್ ಆಳದ ಬೆಂಕಿಯನ್ನು ಪತ್ತೆಹಚ್ಚಿದ ದ್ವೀಪದಲ್ಲಿ, ರೈತರು ಜೀವ ತೆತ್ತದ್ದು ಮೇಲ್ಮಣ್ಣಿನ ಈ ಪ್ರಶ್ನೆಗೆ ಸಕಾಲದಲ್ಲಿ ಉತ್ತರ ದೊರೆಯದೆ ಹೋದುದರಿಂದ.