ಚಂದಕವಾಡಿಯ ಬಿಸಿಲಿನಲ್ಲಿ ಬೆಣ್ಣೆಯ ಐಸಿಂಗ್



ಹುಟ್ಟುಹಬ್ಬದ ಕೇಕಿನ ಮೇಲೆ ಹೂಬಳ್ಳಿ ಬಿಡಿಸಿರುತ್ತಾರಲ್ಲ, ಆ ಮೆತ್ತನೆಯ ಪದಾರ್ಥಕ್ಕೆ ಬಟರ್‌ಕ್ರೀಮ್ ಐಸಿಂಗ್ ಎಂದು ಹೆಸರು. ಹೆಸರಿನಲ್ಲಿ ಬೆಣ್ಣೆಯಿದೆ, ಆದರೆ ಅಗ್ಗದ ಅನೇಕ ಕೇಕುಗಳ ಮೇಲಿರುವುದು ವನಸ್ಪತಿ ಅಥವಾ ಮಾರ್ಗರಿನ್. ಗುರುತಿಸುವುದು ಸುಲಭ. ಒಂದು ಚೂರನ್ನು ನಾಲಿಗೆಯ ಮೇಲಿಟ್ಟುಕೊಳ್ಳಿ. ನಮ್ಮ ದೇಹದ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್. ಅಷ್ಟರೊಳಗೆ ಬೆಣ್ಣೆ ಪೂರ್ತಿ ಕರಗಿಬಿಡುತ್ತದೆ. ಗಟ್ಟಿ ವನಸ್ಪತಿಯಾದರೆ ಅಂಗುಳಕ್ಕೆ ಮೇಣದಂತೆ ಅಂಟಿಕೊಳ್ಳುತ್ತದೆ. ಟೆಲಿವಿಷನ್ ದೀಪಗಳ ಕೆಳಗೆ ಕರಗದೆ ನಿಲ್ಲುವುದೂ ಇಂಥದ್ದೇ. ತೆರೆಯ ಮೇಲೆ ಚೆನ್ನಾಗಿ ಕಂಡ ಕೇಕು ಬಾಯಿಗೂ ಚೆನ್ನಾಗಿರಬೇಕೆಂದೇನಿಲ್ಲ. ಎಣ್ಣೆಯನ್ನು ಅರೆಬರೆ ಜಲಜನಕೀಕರಿಸಿದಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂದು ತಿಳಿದ ಮೇಲೆ, ನಮ್ಮ ದೇಶದಲ್ಲಿ 2022ರಿಂದ ಅದರ ಮಿತಿಯನ್ನು ಶೇಕಡಾ 2ಕ್ಕೆ ಇಳಿಸಲಾಗಿದೆ.

ಮನೆಯಲ್ಲೇ ಹಸುವೋ ಎಮ್ಮೆಯೋ ಕರೆಯುತ್ತಿರುವಾಗ ಐಸಿಂಗ್ ಅನ್ನು ಅಂಗಡಿಯಿಂದ ತರಬೇಕೇಕೆ? ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯಂಥ ಊರಿನಲ್ಲಿ ಮೊಸರು ಕಡೆದು ಬೆಣ್ಣೆ ತೆಗೆಯುವುದು ಯಾರಿಗೂ ಹೊಸದಲ್ಲ. ತೊಡಕಿರುವುದು ಬೇರೆ ಕಡೆ. ಪಾಕಪುಸ್ತಕಗಳು "ಬೆಣ್ಣೆ ಕೋಣೆಯ ಉಷ್ಣತೆಯಲ್ಲಿರಲಿ" ಎನ್ನುತ್ತವೆ. ಆ ಕೋಣೆ ಚಳಿದೇಶದ ಕೋಣೆ, ಅಂದರೆ ಸುಮಾರು 20 ಡಿಗ್ರಿ. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಹೆಂಚಿನ ಮನೆಯೊಳಗೆ 30 ದಾಟಿರುತ್ತದೆ.

ಈ ಹತ್ತು ಡಿಗ್ರಿಯಲ್ಲೇ ಎಲ್ಲವೂ ಅಡಗಿದೆ. ಬೆಣ್ಣೆಯಲ್ಲಿ ಕೊಬ್ಬಿನ ಸಣ್ಣ ಹರಳುಗಳೂ ದ್ರವಕೊಬ್ಬೂ ಬೆರೆತಿರುತ್ತವೆ. ಇದರ ನಡುವೆ ನೀರು ಹನಿಹನಿಯಾಗಿ ಚದುರಿರುತ್ತದೆ. ಫ್ರಿಡ್ಜಿನ ಚಳಿಯಲ್ಲಿ ಕೊಬ್ಬಿನ ಅರ್ಧದಷ್ಟು ಹರಳಾಗಿರುತ್ತದೆ. ಅದು ಕಲ್ಲಿನಂತೆ, ಕಲಸಲು ಬಾರದು. 20 ಡಿಗ್ರಿಗೆ ಬರುವಾಗ ಸುಮಾರು ಐದನೆಯ ಒಂದು ಭಾಗ ಮಾತ್ರ ಹರಳು. ಆಗ ಕಲಸಿದರೆ ಒಳಹೊಕ್ಕ ಗಾಳಿಯ ಗುಳ್ಳೆಗಳನ್ನು ಆ ಹರಳುಗಳು ಸುತ್ತುವರಿದು ಹಿಡಿದು ನಿಲ್ಲಿಸುತ್ತವೆ. 30ರ ಮೇಲೆ ಹರಳುಗಳು ಅತ್ಯಲ್ಪ. ಎಷ್ಟು ಕಲಸಿದರೂ ಗಾಳಿ ನಿಲ್ಲದು, ಸಾರಿನಂತೆ ಹರಿಯುತ್ತದೆ. ಎಮ್ಮೆಯ ಬೆಣ್ಣೆ ಹಸುವಿನದಕ್ಕಿಂತ ತುಸು ಹೆಚ್ಚಿನ ಶಾಖದಲ್ಲಿ ಕರಗುತ್ತದೆ, ಬಣ್ಣವೂ ಬಿಳುಪು. ಬೇಸಿಗೆಗೆ ಅದೇ ಲೇಸು.

ಫ್ರಿಡ್ಜ್ ಇಲ್ಲದಿದ್ದರೆ? ಮುಂಜಾನೆ ಐದಕ್ಕೆ ಎದ್ದು ಕೆಲಸ ಹಿಡಿಯಿರಿ. ಪಾತ್ರೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವಲ್ಲಿಡಿ. ಒಂದು ಗ್ರಾಂ ಮಂಜುಗಡ್ಡೆ ಕರಗಲು 334 ಜೂಲ್ ಶಾಖ ಬೇಕು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2400 ಜೂಲ್ ಬೇಕು, ಅಂದರೆ ಏಳುಪಟ್ಟು. ಆ ಶಾಖದ ಬಹುಭಾಗ ಪಾತ್ರೆಯಿಂದಲೇ ಹೋಗುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಹೀಗೆಯೇ. ಮಳೆಗಾಲದ ತೇವದ ಗಾಳಿಯಲ್ಲಿ ಮಾತ್ರ ಈ ಉಪಾಯ ಅಷ್ಟು ನಡೆಯದು. ಬಟ್ಟೆ ಸುಮ್ಮನೆ ಒದ್ದೆಯಾಗಿಯೇ ಇರುತ್ತದೆ.

ಈಗ ಕೆಲಸಕ್ಕೆ ಬರೋಣ. 100 ಗ್ರಾಂ ಬೆಣ್ಣೆಯನ್ನು ಮಡಕೆಯ ನೀರಿನಲ್ಲಿ ಮೂರು ನಾಲ್ಕು ಸಲ ಮರದ ಸೌಟಿನಿಂದ ಒತ್ತಿ ತೊಳೆಯಿರಿ. ನೀರು ತಿಳಿಯಾಗುವಷ್ಟರಲ್ಲಿ ಮಜ್ಜಿಗೆ ಹೊರಹೋಗಿರುತ್ತದೆ, ಹುಳಿವಾಸನೆಯೂ ತಗ್ಗುತ್ತದೆ. ಉಳಿದ ನೀರನ್ನು ಒತ್ತಿ ಒತ್ತಿ ಬಸಿಯಿರಿ. ಅಂಗೈಯಿಂದ ನಾದಬೇಡಿ, ಅಂಗೈ ಬಿಸಿ. ಪೊಟ್ಟಣದ ಬೆಣ್ಣೆಯಾದರೆ ಉಪ್ಪಿಲ್ಲದ್ದನ್ನು ಕೇಳಿ ತನ್ನಿ.

ಸಕ್ಕರೆ 200 ಗ್ರಾಂ; ಅದನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ ತೆಳುಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಏಕಿಷ್ಟು ನುಣುಪು? ಲೆಕ್ಕ ಹಾಕಿ. ಬೆಣ್ಣೆಯಲ್ಲಿರುವ ನೀರು ಸುಮಾರು 16 ಗ್ರಾಂ, ಮೇಲೆ ಎರಡು ಚಮಚ ಹಾಲು ಸೇರಿದರೆ ಒಟ್ಟು 25 ಗ್ರಾಂ ನೀರು. ಒಂದು ಗ್ರಾಂ ನೀರಿನಲ್ಲಿ ಕರಗುವ ಸಕ್ಕರೆ ಎರಡು ಗ್ರಾಂ. ಆದ್ದರಿಂದ 50 ಗ್ರಾಂ ಮಾತ್ರ ಕರಗುತ್ತದೆ, ಮಿಕ್ಕ 150 ಗ್ರಾಂ ಹರಳಾಗಿಯೇ ಉಳಿಯುತ್ತದೆ. ಹರಳು ದಪ್ಪವಿದ್ದರೆ ನಾಲಿಗೆಗೆ ಮರಳು. ಮಿಕ್ಸಿಯಿಂದ ತೆಗೆದ ಪುಡಿ ಬಿಸಿಯಾಗಿರುತ್ತದೆ, ಆರಿದ ಮೇಲೆ ಹಾಕಿ. ಮುದ್ದೆಗಟ್ಟದಿರಲಿ ಎಂದು ಒಂದು ಚಮಚ ಕಾರ್ನ್‌ಫ್ಲೋರ್ ಸೇರಿಸಬಹುದು.

ಮೊದಲು ಬೆಣ್ಣೆಯೊಂದನ್ನೇ ಮರದ ಸೌಟಿನಿಂದ ಒಂದೇ ದಿಕ್ಕಿನಲ್ಲಿ ಹತ್ತು ನಿಮಿಷ ಕಲಸಿ. (ಯಾವ ದಿಕ್ಕಾದರೂ ವಿಜ್ಞಾನಕ್ಕೆ ಒಂದೇ, ಕೈಗೆ ಲಯ ಸಿಗುತ್ತದೆ ಅಷ್ಟೆ.) ಬಣ್ಣ ಬಿಳುಪೇರಿದರೆ ಗಾಳಿ ಸೇರಿತೆಂದು ತಿಳಿಯಿರಿ. ಆಮೇಲೆ ಸಕ್ಕರೆಯನ್ನು ಮೂರು ಕಂತಿನಲ್ಲಿ ಹಾಕಿ, ಕೊನೆಗೆ ಕಾಯಿಸಿ ಆರಿಸಿದ ಹಾಲು. ಒಡೆದ ಹಾಲಿನಂತೆ ತರಿತರಿಯಾದರೆ ಚಳಿ ಹೆಚ್ಚಾಗಿದೆ: ಪಾತ್ರೆಯ ತಳವನ್ನು ಅರೆನಿಮಿಷ ಬೆಚ್ಚನೆಯ ನೀರಿಗೆ ತಾಗಿಸಿ. ಜಾರಿದರೆ ಶಾಖ ಹೆಚ್ಚಾಗಿದೆ: ತಣ್ಣೀರಿನಲ್ಲಿಡಿ. ಎರಡರಲ್ಲೂ ಚೆಲ್ಲಬೇಕಾದ್ದೇನೂ ಇಲ್ಲ.

ನನ್ನನ್ನು ಕೇಳಿದರೆ, ನಮ್ಮ ಬೇಸಿಗೆಗೆ ಇದಕ್ಕಿಂತ ಗಂಜಿಯ ಬಟರ್‌ಕ್ರೀಮೇ ಮೇಲು. 100 ಮಿಲಿಲೀಟರ್ ಹಾಲಿಗೆ ಎರಡು ದೊಡ್ಡ ಚಮಚ ಮೈದಾ, 100 ಗ್ರಾಂ ಸಕ್ಕರೆ ಹಾಕಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ದಪ್ಪ ಗಂಜಿಯಾಗುವವರೆಗೆ ಕೈಯಾಡಿಸಿ. 60 ಡಿಗ್ರಿ ದಾಟುವಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ಆ ನೀರು ಮತ್ತೆ ಸುಲಭವಾಗಿ ಬಿಟ್ಟುಹೋಗದು. ಗಂಜಿ ಪೂರಾ ಆರಿದ ಮೇಲೆ, ಕಲಸಿಟ್ಟ 100 ಗ್ರಾಂ ಬೆಣ್ಣೆಗೆ ಚಮಚ ಚಮಚವಾಗಿ ಸೇರಿಸಿ. ಸಕ್ಕರೆ ಅರ್ಧಕ್ಕಿಳಿಯಿತು, ಹರಳಿನ ಕಾಟವಿಲ್ಲ, ಮಿಕ್ಸಿಯೂ ಬೇಡ. ಕರೆಂಟು ಹೋದರೂ ಕೆಲಸ ನಿಲ್ಲದು.

ಬಣ್ಣ ಬೇಕೆ? ಚಾಮರಾಜನಗರದ ಸೀಮೆಯಲ್ಲಿ ಅರಿಶಿನ ಬೆಳೆಯುತ್ತದೆ. ಅದರ ಕರ್ಕ್ಯುಮಿನ್ ಕೊಬ್ಬಿನಲ್ಲಿ ಕರಗುವಂಥದ್ದು. ಒಂದು ಚಿಟಿಕೆಗೇ ಐಸಿಂಗ್ ಹಳದಿಯಾಗುತ್ತದೆ, ವಾಸನೆ ಬರುವಷ್ಟು ಹಾಕಬೇಡಿ. ಕೇಕಿಗೆ ಅಡುಗೆ ಸೋಡಾ ಹೆಚ್ಚಾಗಿದ್ದರೆ ತಾಗುವ ಅಂಚು ಕೆಂಪಾಗಬಹುದು; ಪ್ರಯೋಗಶಾಲೆಯಲ್ಲಿ ಅರಿಶಿನದ ಕಾಗದ ಕ್ಷಾರವನ್ನು ತೋರಿಸುವುದು ಹೀಗೆಯೇ. ಬೀಟ್‌ರೂಟಿನ ಬಣ್ಣ ನೀರಿನಲ್ಲಿ ಕರಗುವಂಥದ್ದು, ಆದ್ದರಿಂದ ನಾಲ್ಕೈದು ಹನಿ ಸಾಕು. ಹೆಚ್ಚಾದರೆ ಐಸಿಂಗ್ ಒಡೆಯುತ್ತದೆ.

ಹೂವು ಬಿಡಿಸಲು ತೊಳೆದು ಒಣಗಿಸಿದ ಹಾಲಿನ ಪೊಟ್ಟಣದ ಒಂದು ಮೂಲೆ ಕತ್ತರಿಸಿ, ತುಂಬಿ ಹಿಂಡಿ. ಕೈಶಾಖ ತಾಗದಂತೆ ಸುತ್ತ ಒಂದು ಬಟ್ಟೆ ಇರಲಿ. ಸಕ್ಕರೆಯ ಐಸಿಂಗ್ ತಂಪಿನಲ್ಲಿ ಒಂದೆರಡು ದಿನ ಕೆಡದು, ಏಕೆಂದರೆ ಅದರ ನೀರನ್ನೆಲ್ಲ ಸಕ್ಕರೆ ಹಿಡಿದಿಟ್ಟಿರುತ್ತದೆ, ಸೂಕ್ಷ್ಮಜೀವಿಗಳಿಗೆ ದಕ್ಕುವುದಿಲ್ಲ. ಗಂಜಿಯದು ಹಾಗಲ್ಲ. ಫ್ರಿಡ್ಜ್ ಇಲ್ಲದ ಮನೆಯಲ್ಲಿ ಬೆಳಗ್ಗೆ ಮಾಡಿದ್ದನ್ನು ಬಿಸಿಲೇರುವ ಮುನ್ನವೇ ಕೇಕಿನ ಸಮೇತ ಹಂಚಿ ತಿಂದುಬಿಡಿ.