ಹತ್ತನೆಯ ತರಗತಿಯ ಹೊಸ್ತಿಲಲ್ಲಿ

(ಧಾರವಾಡ ಜಿಲ್ಲೆಯ ಒಂದು ಕನ್ನಡ ಪ್ರೌಢಶಾಲೆಯ ಬೀಳ್ಕೊಡುವ ಸಮಾರಂಭದಲ್ಲಿ ಮಾಡಿದ ಭಾಷಣ)



ಇಂಥ ಸಭೆಗೆ ಕರೆಯಿಸಿಕೊಂಡ ಹಿರಿಯನು ಏನು ಹೇಳುವನೆಂಬುದು ನಿಮಗೆ ಮೊದಲೇ ಗೊತ್ತಿರುವದು. ದೇಶಸೇವೆ ಮಾಡಿರಿ, ತಂದೆತಾಯಿಗಳಿಗೆ ಕೀರ್ತಿ ತನ್ನಿರಿ ಎಂದು ಹೇಳಿ, ಹಾರ ಹಾಕಿಸಿಕೊಂಡು, ಚಹ ಕುಡಿದು ಅವನು ಹೋಗುತ್ತಾನೆ. ಆ ಮಾತುಗಳು ಸುಳ್ಳಲ್ಲ. ಆದರೆ ಪರೀಕ್ಷೆ ಮುಗಿದ ಮಾರನೆಯ ದಿನ ಮನೆಯ ಕಟ್ಟೆಯ ಮೇಲೆ ಕುಳಿತು ಮುಂದೇನೆಂದು ಯೋಚಿಸುವ ಹುಡುಗನಿಗೆ ಅವುಗಳಿಂದ ದಾರಿ ತಿಳಿಯುವದಿಲ್ಲ. ಆದಕಾರಣ ಇಂದು ದಾರಿಯ ವಿಷಯವನ್ನೇ ಮಾತನಾಡುವೆನು. ಅದರಲ್ಲಿಯೂ ಕನ್ನಡ ಶಾಲೆಯಿಂದ ಹೊರಟವರು ಎಡವುವ ಒಂದು ಹೊಸ್ತಿಲಿನ ವಿಷಯವನ್ನು.

ಮೊದಲು ಹಿಂದಿನ ಸಂಗತಿ ಸ್ವಲ್ಪ. ೧೮೫೭ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯವು ತನ್ನ ಮೊದಲ ಮ್ಯಾಟ್ರಿಕ್ ಪರೀಕ್ಷೆಯನ್ನು ೧೮೫೯ರಲ್ಲಿ ನಡೆಸಿತು. ಅಲ್ಲಿಂದ ಮುಂದೆ ಹಲವು ದಶಕಗಳವರೆಗೆ ನಮ್ಮ ಸೀಮೆಯ ಹುಡುಗನಿಗೆ ಕಾಣುತ್ತಿದ್ದ ಬಾಗಿಲುಗಳು ಮುಖ್ಯವಾಗಿ ಎರಡು. ಮುಲ್ಕಿ ಪರೀಕ್ಷೆ ಪಾಸಾದರೆ ಕನ್ನಡ ಸಾಲೆಯ ಮಾಸ್ತರಿಕೆ ಇಲ್ಲವೆ ತಲಾಟಿಯ ಕೆಲಸ. ಇಂಗ್ಲಿಷಿನಲ್ಲಿ ಮ್ಯಾಟ್ರಿಕ್ ಪಾಸಾದರೆ ಕಚೇರಿಯ ಕಾರಕೂನಿಕೆ. ಅದಕ್ಕೂ ಮೇಲೆ ಹೋಗಬೇಕೆಂಬವನು ಊರು ಬಿಡಬೇಕು. ಬೇಂದ್ರೆಯವರು ೧೯೧೩ರಲ್ಲಿ ಮ್ಯಾಟ್ರಿಕ್ ಮುಗಿಸಿದಾಗ ಧಾರವಾಡದಲ್ಲಿ ಕಾಲೇಜಿರಲಿಲ್ಲ. ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋಗಿ ೧೯೧೮ರಲ್ಲಿ ಪದವೀಧರರಾದರು. ಕರ್ನಾಟಕ ಕಾಲೇಜು ಪ್ರಾರಂಭವಾದುದು ೧೯೧೭ರಲ್ಲಿ. ಮಂಗಳೂರಿನವನು ಮದ್ರಾಸಿನ ಕಡೆಗೆ ಮುಖ ಮಾಡಬೇಕು, ಕಲಬುರ್ಗಿಯವನು ಹೈದರಾಬಾದಿನ ಕಡೆಗೆ. ೧೯೧೮ರಲ್ಲಿ ಅಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಉರ್ದುವಿನಲ್ಲಿ. ೧೯೧೬ರಲ್ಲಿಯೇ ಸ್ವಂತ ವಿಶ್ವವಿದ್ಯಾಲಯ ಪಡೆದ ಮೈಸೂರಿನವರು ಭಾಗ್ಯವಂತರು. ಆದರೆ ಅಲ್ಲಿಯೂ ಪಾಠದ ಭಾಷೆ ಇಂಗ್ಲಿಷೇ. ಒಂದೇ ನುಡಿಯ ಮಕ್ಕಳು ನಾಲ್ಕು ದಿಕ್ಕಿಗೆ ತಿರುಗಿ ಪರನುಡಿಗಳಲ್ಲಿ ತಮ್ಮ ಅನ್ನವನ್ನು ಹುಡುಕುತ್ತಿದ್ದರು. ೧೯೫೬ರ ನವೆಂಬರ ೧ರಂದು ನಾಡು ಒಂದಾಯಿತು. ಇಂದು ಬೀದರಿನ ಹುಡುಗಿಯೂ ಚಾಮರಾಜನಗರದ ಹುಡುಗನೂ ಒಂದೇ ಪರೀಕ್ಷೆಗೆ ಕೂಡುತ್ತಾರೆ. ಅದರಲ್ಲಿ ಪ್ರಥಮಭಾಷೆಗೆ ೧೨೫ ಅಂಕಗಳು, ಒಟ್ಟು ೬೨೫. ಇದು ಸಣ್ಣ ಲಾಭವಲ್ಲ.

ಈಗ ಬಾಗಿಲುಗಳು ಬಹಳ. ತೊಂದರೆ ಏನೆಂದರೆ, ನಾವು ಅವುಗಳಿಗೆ ಜಾತಿ ಕಟ್ಟಿದ್ದೇವೆ. ಹೆಚ್ಚು ಅಂಕ ಬಂದವನು ವಿಜ್ಞಾನಕ್ಕೆ, ನಡುತರದವನು ವಾಣಿಜ್ಯಕ್ಕೆ, ಕಡಿಮೆಯವನು ಕಲಾ ವಿಭಾಗಕ್ಕೆ, ಎಲ್ಲಿಯೂ ಸಲ್ಲದವನು ಐ.ಟಿ.ಐ.ಗೆ: ಇದು ಮನುಧರ್ಮಕ್ಕಿಂತ ಕಠಿಣವಾದ ಕಟ್ಟಳೆ! ಇತಿಹಾಸ ಪ್ರಿಯನಾದ ಹುಡುಗನಿಗೆ ನೂರಕ್ಕೆ ತೊಂಬತ್ತು ಬಂದರೆ ಮನೆಯವರು ಅವನನ್ನು ಹಿಡಿದುಕೊಂಡು ಹೋಗಿ ರಸಾಯನಶಾಸ್ತ್ರದ ಮುಂದೆ ಕುಳ್ಳಿರಿಸುತ್ತಾರೆ. ಅಂಕಗಳು ನೀವು ಇಷ್ಟು ದಿನ ಎಷ್ಟು ಓದಿದಿರೆಂಬುದನ್ನು ಹೇಳುತ್ತವೆಯೇ ಹೊರತು ಇನ್ನು ನಲವತ್ತು ವರ್ಷ ಯಾವ ಕೆಲಸವನ್ನು ಬೇಸರವಿಲ್ಲದೆ ಮಾಡಬಲ್ಲಿರೆಂಬುದನ್ನು ಹೇಳುವದಿಲ್ಲ. ಒಂದು ಉದ್ಯೋಗ ಹಿಡಿಸುವದೋ ಇಲ್ಲವೋ ಎಂಬುದನ್ನು ತಿಳಿಯಬೇಕಾದರೆ ಅದರ ಸಂಬಳವನ್ನಲ್ಲ, ಅದರ ಒಂದು ದಿನವನ್ನು ವಿಚಾರಿಸಬೇಕು. ದಾದಿಯೊಬ್ಬಳನ್ನು, ಲೆಕ್ಕಪರಿಶೋಧಕನೊಬ್ಬನನ್ನು, ವಿದ್ಯುತ್ ಕೆಲಸಗಾರನೊಬ್ಬನನ್ನು ಕಂಡು, ಮುಂಜಾನೆಯಿಂದ ಸಂಜೆಯ ವರೆಗೆ ಏನು ಮಾಡುವಿರಿ ಎಂದು ಕೇಳಿರಿ. ಹಾಗೆ ಕೇಳಿದರೆ ಸಿಟ್ಟಾಗುವವರು ಕಡಿಮೆ.

ಇನ್ನು ಆ ಹೊಸ್ತಿಲು. ನಿಮ್ಮಲ್ಲಿ ಕೆಲವರು ಜೂನ್ ಹೊತ್ತಿಗೆ ಪಿ.ಯು.ಸಿ. ವಿಜ್ಞಾನಕ್ಕೆ ಸೇರುವಿರಿ. ಹತ್ತು ವರ್ಷ ನೀವು ವೇಗೋತ್ಕರ್ಷ, ವಕ್ರೀಭವನ, ದ್ಯುತಿಸಂಶ್ಲೇಷಣೆ ಎಂದು ಕಲಿತು ಅರ್ಥ ಮಾಡಿಕೊಂಡಿದ್ದೀರಿ. ಹೆಚ್ಚಿನ ಕಾಲೇಜುಗಳಲ್ಲಿ ಮೊದಲ ದಿನವೇ ಉಪನ್ಯಾಸಕರು ಆಕ್ಸಲರೇಶನ್, ರಿಫ್ರಾಕ್ಶನ್, ಫೋಟೋಸಿಂಥಸಿಸ್ ಎಂದು ಪ್ರಾರಂಭಿಸುವರು. ಪಕ್ಕದ ಬೆಂಚಿನ ಇಂಗ್ಲಿಷ್ ಶಾಲೆಯ ಹುಡುಗನು ತಲೆ ಹಾಕುವನು. ನೀವು ಸುಮ್ಮನೆ ಕೂಡುವಿರಿ. ಒಂದು ವಾರ ಸುಮ್ಮನಿದ್ದವನಿಗೆ ಎರಡನೆಯ ವಾರ ಪ್ರಶ್ನೆ ಕೇಳಲು ನಾಚಿಕೆ. ಒಂದು ತಿಂಗಳಾದ ಮೇಲೆ, ತನಗೆ ಬುದ್ಧಿಯೇ ಇಲ್ಲವೆಂಬ ನಂಬಿಕೆ. ಶಾಲೆಯಲ್ಲಿ ಮೊದಲಿಗನಾಗಿದ್ದವನು ಕಾಲೇಜಿನಲ್ಲಿ ಹಿಂದಿನ ಬೆಂಚು ಹಿಡಿಯುವದು ಹೀಗೆ. ಅವನಿಗೆ ಕಡಿಮೆಯಾದುದು ಬುದ್ಧಿಯಲ್ಲ. ಕೆಲವು ನೂರು ಶಬ್ದಗಳು ಮಾತ್ರ. ಆ ವಿಷಯವನ್ನು ಅವನು ಬಲ್ಲನು, ಅದರ ಹೊಸ ಹೆಸರನ್ನು ಅರಿಯನು.

ಇದಕ್ಕೆ ಉಪಾಯ ನಿಮ್ಮ ಕೈಯಲ್ಲಿದೆ. ಪರೀಕ್ಷೆ ಮುಗಿದ ಮೇಲೆ ಕಾಲೇಜು ತೆರೆಯುವವರೆಗೆ ಸುಮಾರು ಎರಡು ತಿಂಗಳು ಬಿಡುವು ಇರುವದು. ಒಂದು ನೋಟುಪುಸ್ತಕ ತೆಗೆದುಕೊಂಡು ಪುಟದ ನಡುವೆ ಗೆರೆ ಎಳೆಯಿರಿ. ಇದೇ ಶಾಲೆಯ ವಿಜ್ಞಾನ, ಗಣಿತ ಪುಸ್ತಕಗಳ ಇಂಗ್ಲಿಷ್ ಆವೃತ್ತಿಗಳೂ ಇವೆ. ಎರಡನ್ನೂ ಮಗ್ಗುಲಲ್ಲಿ ಇಟ್ಟುಕೊಂಡು ಎಡಕ್ಕೆ ಕನ್ನಡದ ಶಬ್ದ, ಬಲಕ್ಕೆ ಇಂಗ್ಲಿಷಿನ ಶಬ್ದ ಬರೆಯಿರಿ. ದಿನಕ್ಕೆ ಹತ್ತು ಸಾಕು. ಬಹುಪದೋಕ್ತಿಯೂ ಪಾಲಿನಾಮಿಯಲ್ಲೂ ಒಂದೇ ಎಂದು ಕಣ್ಣಾರೆ ಕಂಡವನಿಗೆ ಅಂಜಿಕೆ ಉಳಿಯುವದಿಲ್ಲ. ಅಧ್ಯಾಪಕ ಬಂಧುಗಳಿಗೆ ನನ್ನ ಬಿನ್ನಹವೂ ಇದೇ. ಬೇಸಿಗೆಯಲ್ಲಿ ವಾರಕ್ಕೆರಡು ದಿನ ಈ ಮಕ್ಕಳನ್ನು ಕೂಡಿಸಿ ಆ ಶಬ್ದಗಳನ್ನು ಬಾಯಿಬಿಟ್ಟು ಹೇಳಿಸಿದರೆ, ನೀವು ಹತ್ತು ವರ್ಷ ಮಾಡಿದ ದುಡಿಮೆ ಒಂದು ತಿಂಗಳಲ್ಲಿ ಹಾಳಾಗದೆ ಉಳಿಯುವದು.

ಕನ್ನಡದಲ್ಲಿ ಕಲಿತು ಕೆಟ್ಟೆವು ಎಂದು ಮಾತ್ರ ಯಾರೂ ಹೇಳದಿರಲಿ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು ೨೦೧೭ರಿಂದ ಕನ್ನಡದಲ್ಲಿಯೂ ಬರೆಯಬಹುದು, ಜೆ.ಇ.ಇ. ಮೇನ್ ಪರೀಕ್ಷೆಯನ್ನು ೨೦೨೧ರಿಂದ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಗೆ ಮೊದಲು ಹಿಂದಿ, ಇಂಗ್ಲಿಷುಗಳು ಮಾತ್ರ ಇದ್ದವು. ೨೦೨೪ರಿಂದ ಕನ್ನಡವೂ ಸೇರಿತು. ನಮ್ಮ ರಾಜ್ಯದ ವೃತ್ತಿ ಶಿಕ್ಷಣದ ಪ್ರವೇಶದಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ ೫, ಗ್ರಾಮಾಂತರದಲ್ಲಿ ಓದಿದವರಿಗೆ ನೂರಕ್ಕೆ ೧೫ ಸ್ಥಾನಗಳು ಮೀಸಲು. ಆದರೆ ಪೂರ್ಣ ಸತ್ಯವನ್ನೂ ಹೇಳಬೇಕು. ಪ್ರಶ್ನಪತ್ರಿಕೆ ಕನ್ನಡಕ್ಕೆ ಬಂದಷ್ಟು ಬೇಗ ಓದತಕ್ಕ ಪುಸ್ತಕಗಳು ಬಂದಿಲ್ಲ. ೨೦೨೧ರಲ್ಲಿ ಇಂಜಿನಿಯರಿಂಗನ್ನು ಕನ್ನಡದಲ್ಲಿ ಕಲಿಸಲು ಅನುಮತಿ ದೊರೆಯಿತು, ಸೇರಬಂದವರು ವಿರಳ. ಅದಕ್ಕಾಗಿ ಮಕ್ಕಳನ್ನು ದೂರುವದು ಸರಿಯಲ್ಲ. ಬಾಗಿಲು ತೆರೆದು ಒಳಗೆ ದೀಪ ಹಚ್ಚದಿದ್ದರೆ ಯಾರು ಹೋಗುವರು? ಆ ಪುಸ್ತಕಗಳನ್ನು ಬರೆಯಬೇಕಾದವರು ದೊಡ್ಡವರು, ನಾವು.

ವಿಜ್ಞಾನದ ಮಾತು ಸಾಕು. ಕೈಕೆಲಸದಲ್ಲಿ ಮನಸ್ಸುಳ್ಳವರ ದಾರಿ ಕೀಳು ದಾರಿಯಲ್ಲ, ಕುರುಡು ದಾರಿಯೂ ಅಲ್ಲ. ಐ.ಟಿ.ಐ.ಯಲ್ಲಿ ವೆಲ್ಡರನ ಶಿಕ್ಷಣ ಒಂದು ವರ್ಷದ್ದು. ಫಿಟ್ಟರ, ಇಲೆಕ್ಟ್ರಿಶಿಯನ್ನರದು ಎರಡು ವರ್ಷದ್ದು. ಅದು ಮುಗಿದ ಮೇಲೆ ೧೯೬೧ರ ಕಾಯಿದೆಯಂತೆ ಕಾರ್ಖಾನೆಗಳಲ್ಲಿ ಭತ್ಯೆ ಪಡೆಯುತ್ತ ಕಲಿಯುವ ಅವಕಾಶವುಂಟು; ನಮ್ಮ ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯೂ ಇಂಥವರನ್ನು ತೆಗೆದುಕೊಳ್ಳುತ್ತದೆ. ಪಾಲಿಟೆಕ್ನಿಕ್ಕಿನ ಡಿಪ್ಲೊಮಾ ಮೂರು ವರ್ಷ. ಅದರಿಂದ ನೇರವಾಗಿ ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ಹೋಗಬಹುದು. ಆ ವಿದ್ಯೆಗಾಗಿ ವಿಶ್ವೇಶ್ವರಯ್ಯನವರಂಥವರು ಬೆಂಗಳೂರಲ್ಲಿ ಪದವಿ ಪಡೆದ ಮೇಲೆಯೂ ಪುಣೆಯವರೆಗೆ ಹೋಗಬೇಕಾಗಿತ್ತು.

ಒಕ್ಕಲಿಗರ ಮಕ್ಕಳು ಇಲ್ಲಿ ಬಹಳ ಜನ ಇದ್ದೀರಿ. ಹೊಲಕ್ಕೆ ಬೆನ್ನು ಮಾಡುವದೇ ವಿದ್ಯೆಯೆಂದು ನಿಮ್ಮ ತಂದೆಗಳೇ ಹೇಳುತ್ತಿರಬಹುದು; ಅವರ ಕಷ್ಟ ಕಂಡವರು ಅವರನ್ನು ಹಳಿಯಲಾರರು. ಆದರೂ ಕೇಳಿರಿ. ಕೃಷಿ ಪದವಿಯಲ್ಲಿ ರೈತರ ಮಕ್ಕಳಿಗೆ ಮೀಸಲಾದ ಸ್ಥಾನಗಳಿಗೆ ಒಂದು ಪ್ರಾತ್ಯಕ್ಷಿಕ ಪರೀಕ್ಷೆ ಇದೆ. ಅಲ್ಲಿ ಬೀಜ, ಗೊಬ್ಬರ, ಬೇಸಾಯದ ಸಲಕರಣೆಗಳನ್ನು ಗುರುತಿಸಬೇಕು. ಅಪ್ಪನ ಸಂಗಡ ಬಿತ್ತಿಗೆ ಹೋದ ದಿನಗಳಿಗೆ ಅಂಕ ಸಿಗುವ ಪರೀಕ್ಷೆ ಇದೊಂದೇ ಇರಬೇಕು!

ನೌಕರಿಯೆಂಬುದು ಬೇರೆಯವರು ಕೊಡತಕ್ಕ ವಸ್ತುವೆಂದೇ ತಿಳಿಯಬೇಡಿರಿ. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಜನ ಕಲಿತವರು ಕೂಡಿ, ದಾನಿಗಳ ನೆರವು ಪಡೆದು, ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಒಂದು ಶಾಲೆಯಿಂದ ಪ್ರಾರಂಭಿಸಿದರು. ಇಂದು ಅದು ಕಾಲೇಜುಗಳನ್ನೂ ಆಸ್ಪತ್ರೆಗಳನ್ನೂ ನಡೆಸುತ್ತದೆ. ಸಾವಿರಾರು ಜನರಿಗೆ ಅನ್ನ ಕೊಟ್ಟಿದೆ.

ಇನ್ನು ಈ ಸಭೆಯಲ್ಲಿ ಯಾರ ಮುಖವನ್ನು ನೋಡಿ ನನಗೆ ಚಿಂತೆಯಾಗುತ್ತದೆಯೋ ಅವರ ವಿಷಯ. ಎಲ್ಲರೂ ಪಾಸಾಗಲಾರಿರಿ. ಇದೇ ಪರೀಕ್ಷೆಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳನ್ನು ಕೊಡಲಾಗಿದೆ. ಒಂದು ವಿಷಯದಲ್ಲಿ ತಪ್ಪಿದವನು ಇಡೀ ವರ್ಷ ಕಳೆದುಕೊಳ್ಳಬೇಕಾಗಿಲ್ಲ. ಫಲಿತಾಂಶ ಬಂದ ದಿನ ಮನೆಯಲ್ಲಿ ಒಬ್ಬರೇ ಕೂಡಬೇಡಿರಿ, ಶಾಲೆಗೆ ಬನ್ನಿರಿ. ಪಾಲಕರೇ, ಆ ದಿನ ನೆರೆಮನೆಯ ಹುಡುಗನ ಅಂಕಗಳ ಮಾತನ್ನು ತೆಗೆಯಬೇಡಿರಿ.

ಹುಡುಗಿಯರ ತಂದೆಗಳಿಗೆ ಒಂದು ಮಾತು, ಕಟುವಾದರೂ. ಹದಿನಾರು ವರ್ಷದ ಮಗಳಿಗೆ ಗಂಡು ನೋಡುವದು ಕಾಯಿದೆಗೂ ವಿರೋಧ, ನ್ಯಾಯಕ್ಕೂ ವಿರೋಧ. ಕಾಲೇಜು ದೂರವೆಂದು ನೀವು ಹೇಳುವ ಕಾರಣ ಖರೆಯಾದದ್ದೇ. ಹಾಗಿದ್ದರೆ ದೂರಕ್ಕೆ ಪರಿಹಾರ ಹುಡುಕಬೇಕು. ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಇಲಾಖೆಯ ವಸತಿನಿಲಯಗಳು ಮೆಟ್ರಿಕ್ ನಂತರದ ಹುಡುಗಿಯರಿಗಾಗಿಯೇ ಇವೆ. ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಬಡ ಹುಡುಗರನ್ನು ಈ ಸೀಮೆಯವರೆಲ್ಲ ಬಲ್ಲರು. ಗಂಡುಮಕ್ಕಳಿಗೆ ಊರು ಬಿಟ್ಟು ಓದುವದು ಸಲ್ಲುವದಾದರೆ ಹೆಣ್ಣುಮಕ್ಕಳಿಗೇಕೆ ಸಲ್ಲದು?

ಕಡೆಗೆ ಒಂದು ಕಾಗದದ ಕೆಲಸ. ಕನ್ನಡ ಮಾಧ್ಯಮದ, ಗ್ರಾಮಾಂತರದ ಮೀಸಲು ಸ್ಥಾನ ಬೇಕಾದರೆ ಹತ್ತು ವರ್ಷಗಳ ವ್ಯಾಸಂಗ ಪ್ರಮಾಣಪತ್ರ ಬೇಕಾಗುವದು. ಒಂದರಿಂದ ಏಳು ಬೇರೆ ಶಾಲೆಯಲ್ಲಿ ಓದಿದವರು ಆ ಶಾಲೆಗೆ ಈಗಲೇ ಹೋಗಿರಿ. ಬೇಸಿಗೆಯಲ್ಲಿ ಶಾಲೆಗೆ ಬೀಗ ಹಾಕಿದ ಮೇಲೆ ಮುಖ್ಯಾಧ್ಯಾಪಕರನ್ನು ಊರೂರು ಹುಡುಕುವ ಪ್ರಸಂಗ ಬರಬಾರದು. ನಿಮ್ಮ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕಗಳು ಎಲ್ಲ ದಾಖಲೆಗಳಲ್ಲಿಯೂ ಒಂದೇ ತರನಾಗಿವೆಯೋ ಎಂದು ನೋಡಿಕೊಳ್ಳಿರಿ. ತಪ್ಪಿದ್ದರೆ ಈ ವಾರವೇ ಕಚೇರಿಯಲ್ಲಿ ತಿಳಿಸಿರಿ.